ಹೊಳ್ಳರ ಕಾರಿನ ನಾಲ್ಕು ಪ್ಲಗ್ಗು

ದಾಮೋದರನಿಗೆ ಸಾಕಾಗಿತ್ತು. ಇದು ಇವತ್ತು ನಿನ್ನೆಯ ಮಾತಲ್ಲ. ಎರಡು ವರ್ಷದಿಂದ, ಬೆಳಿಗ್ಗೆ ಗ್ಯಾರೇಜಿನ ಶಟರ್ ಎತ್ತುವಾಗಲೆಲ್ಲ ಅವನಿಗೆ ಹಾಗೆ ಅನಿಸುತ್ತಿತ್ತು. ಆ ಶಟರಾದರೂ ಅರ್ಧಕ್ಕೆ ಬಂದು ನಿಂತುಬಿಡುತ್ತಿತ್ತು, ಮಿಕ್ಕ ಅರ್ಧವನ್ನು ಹೆಗಲು ಕೊಟ್ಟು ನೂಕಬೇಕು. ಊರವರ ಗಾಡಿಗೆಲ್ಲ ಗ್ರೀಸು ಹಚ್ಚುವವನಿಗೆ ತನ್ನ ಶಟರಿಗೆ ಹಚ್ಚಲು ಪುರುಸೊತ್ತಿಲ್ಲ ಎಂದು ಹೆಂಡತಿ ಪದ್ದು ಆಡಿಕೊಳ್ಳುತ್ತಿದ್ದಳು. ಪುರುಸೊತ್ತು ಇತ್ತು, ಮನಸ್ಸಿರಲಿಲ್ಲ.

ಮುಂಬೈಯ ಒಂದು ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ಕೆಲಸ ಕಲಿತು, ತೊಂಬತ್ತೇಳರಲ್ಲಿ ಊರಿಗೆ ಬಂದು ಹೆಮ್ಮಾಡಿಯಲ್ಲಿ ಗ್ಯಾರೇಜು ಹಾಕಿದವನು. ಹೆದ್ದಾರಿಯಿಂದ ಕೊಲ್ಲೂರಿನ ರಸ್ತೆ ಕವಲೊಡೆಯುವ ಜಾಗ, ಗಾಡಿಗೇನು ಬರ. ಆಗ ಬಾನೆಟ್ ಎತ್ತಿದರೆ ಎಲ್ಲ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಈಗ ಎರಡು ಸಾವಿರದ ಹದಿನೆಂಟು. ಬಾನೆಟ್ ಎತ್ತಿದರೆ ಕಾಣುವುದು ಒಂದು ಕರಿ ಪ್ಲಾಸ್ಟಿಕ್ ಮುಚ್ಚಳ. ಅದನ್ನು ತೆಗೆದರೆ ವೈರು, ವೈರಿನ ಕೆಳಗೆ ಇನ್ನೊಂದು ವೈರು. ಅದರ ಮೇಲೆ ಐವತ್ತೆಂಟರ ಕಣ್ಣು. ಹತ್ತಿರದ ಅಕ್ಷರ ಕಾಣದೆ ಎರಡು ವರ್ಷವಾಗಿತ್ತು. ಕನ್ನಡಕ ಮಾಡಿಸಿದ್ದ. ಅದು ಅಂಗಿಯ ಕಿಸೆಯಲ್ಲೇ ಇರುತ್ತಿತ್ತು, ಗಿರಾಕಿಗಳೆದುರು ಹೊರಗೆ ಬರುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು ಎಂಜಿನ್ನಿಗೆ ಬಗ್ಗುವ ಮೆಕ್ಯಾನಿಕ್ಕಿನ ಹತ್ತಿರ ಯಾರು ಗಾಡಿ ಬಿಡುತ್ತಾರೆ ಎಂಬುದು ಅವನ ಲೆಕ್ಕಾಚಾರ.

ದೀಪಾವಳಿ ಕಳೆದ ಮೇಲೆ ಒಂದು ಸೋಮವಾರ ಶ್ರೀರಾಮ ಹೊಳ್ಳರ ಕಾರು ಬಂತು. ಹೊಳ್ಳರು ಸಾಲಿಗ್ರಾಮದ ಕಡೆಯ ಪುರೋಹಿತರು. ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ, ಆದರೆ ಅಪ್ಪನ ಕಾಲದಿಂದ ಬಂದ ಮನೆಗಳೆಲ್ಲ ಅವರ ಪಾಲಿಗೇ ಉಳಿದಿದ್ದವು. ಘಾಟಿಯ ಮೇಲೆ ನಿಟ್ಟೂರಿನ ಕಡೆಗೂ ನಾಲ್ಕಾರು ಮನೆ, ವಾರಕ್ಕೊಮ್ಮೆಯಾದರೂ ಕೊಲ್ಲೂರು ದಾಟಿ ನಾಗೋಡಿ ಘಾಟಿ ಹತ್ತಬೇಕು. ಅದಕ್ಕೆಂದೇ ಒಂದು ಸಣ್ಣ ಟರ್ಬೊ ಪೆಟ್ರೋಲ್ ಕಾರನ್ನು ಎರಡನೇ ಕೈಯಲ್ಲಿ ತಗೊಂಡಿದ್ದರು.

"ಬನಿ ಹೊಳ್ರೇ. ಎಂತ ಆಯ್ತ್ ಗಾಡಿಗೆ?"

"ಎಂತ ಅಂದೇಳಿ ಗೊತ್ತಾತಿಲ್ಲ ಮಾರಾಯ್ರೆ. ಬೆಳಿಗ್ಗೆ ಸ್ಟಾರ್ಟ್ ಮಾಡ್ವತಿಗೆ ನಡ್ಗತ್ತ್. ಪೆಟ್ರೋಲೂ ಮಸ್ತ್ ಕುಡೀತ್ತ್."

ದಾಮೋದರ ಎಂಜಿನ್ ಚಾಲೂ ಮಾಡಿಸಿ, ಬಾನೆಟ್ಟಿನ ಅಂಚಿಗೆ ಕೈಯಿಟ್ಟು ನಿಂತ. ಕಣ್ಣು ಹೋದರೂ ಅಂಗೈ ಹೋಗಿರಲಿಲ್ಲ. ಅರವತ್ತು ಸಾವಿರ ಕಿಲೋಮೀಟರ್ ಓಡಿದ ಗಾಡಿ, ಪೆಟ್ರೋಲಿಗೆ ಕಿಡಿ ಕೊಡುವ ಪ್ಲಗ್ಗು ಒಮ್ಮೆಯೂ ಬದಲಿಸಿಲ್ಲ. ಬೇರೆ ಏನೂ ಇಲ್ಲ, ಹೊಸ ಪ್ಲಗ್ಗು ಹಾಕಿದರೆ ಸರಿಯಾಗುತ್ತದೆ ಎಂದ. ಆ ಮಾತು ಸರಿಯಾಗಿಯೇ ಇತ್ತು.

ಪ್ಲಗ್ಗು ತರಲು ಅವನು ಕುಂದಾಪುರಕ್ಕೆ ಹೋದ. ಶಾಸ್ತ್ರಿ ಸರ್ಕಲ್ಲಿನ ಹತ್ತಿರ, ಆಗಿನ್ನೂ ಮುಗಿಯದಿದ್ದ ಫ್ಲೈಓವರಿನ ಧೂಳು ತಿನ್ನುತ್ತ ಕುಸುಮಳ ಬಿಡಿಭಾಗದ ಅಂಗಡಿ ಇತ್ತು. ಅದು ಅವಳ ಗಂಡ ಇಟ್ಟ ಅಂಗಡಿ. ಅವನು ತೀರಿಕೊಂಡು ಹದಿನಾಲ್ಕು ವರ್ಷ. ಹೆಂಗಸು ಫ್ಯಾನ್ ಬೆಲ್ಟು ಮಾರುತ್ತಾಳೆಯೇ ಎಂದು ಆಗ ನಕ್ಕವರು ಬಹಳ ಮಂದಿ. ಅವಳು ಕೆಟಲಾಗುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ, ನಕ್ಕವರಿಗೇ ಸಾಮಾನು ಮಾರಿದಳು. ಆ ಕಷ್ಟದ ದಿನಗಳಲ್ಲಿ ಮೊದಲು ಅವಳ ಅಂಗಡಿಗೆ ಬಂದ ಮೆಕ್ಯಾನಿಕ್ಕು ದಾಮೋದರನೇ. ಅದನ್ನು ಅವಳು ಮರೆತಿರಲಿಲ್ಲ, ಅವನೂ ಮರೆತಿರಲಿಲ್ಲ. ಅವನು ಸ್ವಲ್ಪ ಹೆಚ್ಚಾಗಿಯೇ ನೆನಪಿಟ್ಟುಕೊಂಡಿದ್ದ.

"ನಾಕ್ ಪ್ಲಗ್ ಕೊಡಿ ಕುಸುಮಕ್ಕ. ಹೊಳ್ರ ಗಾಡಿಗೆ. ನಾನ್ ಯಾವಾಗ್ಳೂ ಹಾಕ್ತೆ ಅಲ್ದಾ, ಅದನ್ನೇ ಕೊಡಿ."

"ಅದ್ ಇದಕ್ಕೆ ಆತಿಲ್ಲ ದಾಮೋದರಣ್ಣ. ಇದ್ ಟರ್ಬೊ ಗಾಡಿ. ಚಾಸಿ ನಂಬ್ರ ತಂದ್ರ್ಯಾ?"

"ಪ್ಲಗ್ಗಿಗೂ ಚಾಸಿ ನಂಬ್ರ ಕೇಳು ಕಾಲ ಬಂತಾ?"

"ಬಂತಲೆ. ಎಂತ ಮಾಡುದ್?"

ಅವಳು ಹೊಳ್ಳರಿಗೇ ಫೋನು ಮಾಡಿ ನಂಬರು ಬರೆದುಕೊಂಡಳು. ಕಂಪ್ಯೂಟರಿನಲ್ಲಿ ನೋಡಿ, ಕೆಟಲಾಗಿನಲ್ಲಿ ಇನ್ನೊಮ್ಮೆ ನೋಡಿ, ಎರಡೂ ಹೊಂದಿದ ಮೇಲೆ ಮಂಗಳೂರಿಗೆ ಹೇಳಿದಳು. ಟರ್ಬೊ ಎಂಜಿನ್ನಿನ ಒಳಗೆ ಬಿಸಿ ಜಾಸ್ತಿ, ಬಿಸಿಯನ್ನು ಬೇಗ ಬಿಟ್ಟುಕೊಡುವ ಪ್ಲಗ್ಗೇ ಆಗಬೇಕು, ಬೇರೆಯದು ಹಾಕಿದರೆ ಎಂಜಿನ್ನಿಗೇ ಪೆಟ್ಟು ಎಂದು ವಿವರಿಸಿದಳು. ದಾಮೋದರ ಹೂಂಗುಟ್ಟಿದ. ಐವತ್ತು ಗಾಡಿಯ ಎಂಜಿನ್ ಇಳಿಸಿ ಹತ್ತಿಸಿದವನು ಕೌಂಟರಿನ ಈಚೆ ನಿಂತು ಪಾಠ ಕೇಳಬೇಕಾಯಿತಲ್ಲ ಎಂದು ಒಳಗೊಳಗೇ ಉರಿಯಿತು.

ಮರುದಿನ ಮಧ್ಯಾಹ್ನದ ಮಂಗಳೂರು ಬಸ್ಸಿನಲ್ಲಿ ಕಂಡಕ್ಟರನ ಕೈಯಲ್ಲಿ ಅಂಗಡಿಗೆ ಪೊಟ್ಟಣ ಬಂತು, ದಾಮೋದರ ಮತ್ತೆ ಕುಂದಾಪುರಕ್ಕೆ ಹೋದ. ಬೆರಳುದ್ದದ ನಾಲ್ಕು ಡಬ್ಬಿ. ಕುಸುಮ ಒಂದನ್ನು ಬಿಚ್ಚಿ ತೋರಿಸಿದಳು. ಮಾಮೂಲಿ ಪ್ಲಗ್ಗಿನ ತುದಿ ಮೊಳೆಯ ತಲೆಯಷ್ಟು ದಪ್ಪವಾದರೆ ಇದರದ್ದು ಸೂಜಿಯ ಮೊನೆ. ಅದರ ಮೇಲೆ ಬಾಗಿದ ಸಣ್ಣ ಕೊಕ್ಕೆ. ಎರಡರ ನಡುವಿನ ಸಂದಿಯೇ ಗ್ಯಾಪು. ಕಿಡಿ ಹಾರುವುದು ಅಲ್ಲಿ.

"ಇದ್ರ ಗ್ಯಾಪ್ ಮುಟ್ಟುಕಾಗ ದಾಮೋದರಣ್ಣ. ಕಂಪೆನಿಯಿಂದ್ಲೇ ಸಮಾ ಮಾಡಿ ಬಂದಿರತ್ತ್. ಹಾಂಗೇ ಹಾಕಿ."

"ಅಡ್ಡಿಲ್ಲ, ಅಡ್ಡಿಲ್ಲ," ಎಂದು ದಾಮೋದರ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡ. ಮುಖ ನೋಡಿ ಹೇಳಲಿಲ್ಲ.

ಇಲ್ಲಿ ಅವನ ಹ್ಯಾಕ್ಸಾ ಬ್ಲೇಡಿನ ವಿಷಯ ಹೇಳಬೇಕು. ಮುಂಬೈಯ ಉಸ್ತಾದ ಕಲಿಸಿದ ಪದ್ಧತಿ ಅದು. ಹೊಸ ಪ್ಲಗ್ಗೋ ಹಳೆಯದೋ, ಕಬ್ಬಿಣ ಕೊಯ್ಯುವ ಬ್ಲೇಡಿನ ಹಲ್ಲಿನ ಬದಿಯನ್ನು ಗ್ಯಾಪಿನಲ್ಲಿ ತೂರಿಸಿ ನೋಡಬೇಕು. ಬಿಗಿಯಾಗಿ ಹೋದರೆ ಸರಿ, ಹೋಗದಿದ್ದರೆ ಕೊಕ್ಕೆಯನ್ನು ಚೂರು ಎತ್ತಬೇಕು. ಆ ಕಾಲದ ಪ್ಲಗ್ಗುಗಳು ಡಬ್ಬಿಯಲ್ಲೇ ಒಂದೊಂದು ನಮೂನೆಯಲ್ಲಿ ಬರುತ್ತಿದ್ದವು, ಆ ಕಾಲದ ಗಾಡಿಗಳಿಗೆ ಅದು ನಡೆಯುತ್ತಿತ್ತು ಕೂಡ. ಅಂಗಡಿಯಿಂದ ತಂದದ್ದನ್ನು ಹಾಗೇ ತಿರುಗಿಸಿ ಕೂರಿಸುವವನನ್ನು ಉಸ್ತಾದ ಮೆಕ್ಯಾನಿಕ್ಕೆಂದೇ ಕರೆಯುತ್ತಿರಲಿಲ್ಲ. ಕೈ ಮುಟ್ಟಬೇಕು, ಮುಟ್ಟಿದ ಮೇಲೇ ಅದು ನಮ್ಮ ಕೆಲಸ. ನಲವತ್ತು ವರ್ಷ ದಾಮೋದರ ಅದನ್ನು ಬಿಟ್ಟಿರಲಿಲ್ಲ. ಮುಂಬೈಯಿಂದ ತಂದ ಬ್ಲೇಡಿನ ತುಂಡು ಇನ್ನೂ ಅವನ ಪೆಟ್ಟಿಗೆಯಲ್ಲಿತ್ತು.

ಬುಧವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಅವನು ಕೆಲಸ ಶುರು ಮಾಡಿದ. ಪ್ಲಾಸ್ಟಿಕ್ ಮುಚ್ಚಳ ಎತ್ತಿದ. ಒಂದೊಂದು ಪ್ಲಗ್ಗಿನ ತಲೆಯ ಮೇಲೂ ಕಿಡಿಗೆ ಕರೆಂಟು ಕೊಡುವ ಒಂದೊಂದು ಕಾಯಿಲ್ ಕೂತಿತ್ತು. ವೈರು ಬಿಡಿಸಿ, ಬೋಲ್ಟು ತೆಗೆದು, ನಾಲ್ಕನ್ನೂ ಎಳೆದು ಸಾಲಾಗಿ ಇಟ್ಟ. ಪ್ಲಗ್ಗಿನ ಗುಂಡಿಗಳಿಗೆ ಗಾಳಿ ಹೊಡೆದು ಧೂಳು ಹಾರಿಸಿದ, ಇಲ್ಲದಿದ್ದರೆ ಅದೆಲ್ಲ ಸಿಲಿಂಡರಿಗೆ ಬೀಳುತ್ತದೆ. ಹಳೆಯ ಪ್ಲಗ್ಗು ಬಿಚ್ಚಿದ. ಸವೆದಿದ್ದವು, ಆದರೆ ಕೆಟ್ಟಿರಲಿಲ್ಲ. ಇಷ್ಟರ ತನಕ ಅವನ ಕೆಲಸದಲ್ಲಿ ಯಾವ ಗುರುವೂ ತಪ್ಪು ಹಿಡಿಯುವಂತಿರಲಿಲ್ಲ.

ಆಮೇಲೆ ಹೊಸ ಪ್ಲಗ್ಗಿಗೆ ಬ್ಲೇಡು ಹಿಡಿದ. ಬ್ಲೇಡು ಹೋಗಲಿಲ್ಲ. ಡಬ್ಬಿಯ ಮೇಲೆ ಏನೋ ಸಣ್ಣಕ್ಷರದಲ್ಲಿ ಬರೆದಿತ್ತು, ಅವನ ಕಣ್ಣಿಗೆ ಅದು ಇರುವೆ ಸಾಲು. ಕನ್ನಡಕ ಕಿಸೆಯಲ್ಲೇ ಇತ್ತು. ಎದುರಿಗೆ ಹೊಳ್ಳರು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಕುಸುಮ ಹೇಳಿದ್ದು ನೆನಪಾಗಲಿಲ್ಲವೆಂದಲ್ಲ, ನೆನಪಾಯಿತು. ನೆನಪಾದದ್ದರಿಂದಲೇ ಅವನು ಕೊಕ್ಕೆ ಎತ್ತಿದ. ಸೂಜಿಮೊನೆಗೆ ಏನೂ ತಾಗದಂತೆ, ಹೂ ಬಿಡಿಸುವಷ್ಟು ನಾಜೂಕಿನಿಂದ ನಾಲ್ಕನ್ನೂ ಎತ್ತಿದ. ಕೈಯಲ್ಲೇ ತಿರುಗಿಸಿ ತಿರುಪಿನ ಹಲ್ಲು ಹಿಡಿಸಿ, ಹದವಾಗಿ ಬಿಗಿದು, ಕಾಯಿಲ್ ಕೂರಿಸಿದ. ಎಂಜಿನ್ ಚಾಲೂ ಮಾಡಿದರೆ ನಡುಕವಿಲ್ಲ. ಮರವಂತೆಯವರೆಗೆ ಸಮತಟ್ಟು ರಸ್ತೆಯಲ್ಲಿ ಓಡಿಸಿ ಬಂದರೆ ಬೆಣ್ಣೆ. ಹೊಳ್ಳರು ಖುಷಿಯಾಗಿ ಹೋದರು, ದಾಮೋದರನಿಗೂ ಬಹಳ ದಿನಗಳ ಮೇಲೆ ಚಹಾ ರುಚಿಸಿತು.

ಶುಕ್ರವಾರ ಹತ್ತೂವರೆಗೆ ಹೊಳ್ಳರು ವಾಪಸು ಬಂದರು. ದಾಮೋದರ ಕವಲಿನ ಹೋಟೆಲಿನಲ್ಲಿ ಬನ್ಸು ತಿನ್ನುತ್ತಿದ್ದ. ಆ ಹೊತ್ತಿಗೆ ಟ್ಯಾಕ್ಸಿಯವರು, ಮೀನಿನ ವ್ಯಾನಿನವರು ಎಲ್ಲ ಅಲ್ಲೇ. ಹೊಳ್ಳರು ಮಡಿಪಂಚೆಯಲ್ಲಿದ್ದರು, ಮುಖ ಬಾಡಿತ್ತು.

"ಎಂತ ಮಾಡಿ ಹಾಕಿದ್ರಿ ದಾಮೋದರಣ್ಣ? ನಾಗೋಡಿ ಘಾಟಿ ಹತ್ತುಕೇ ಇಲ್ಲ. ಎಕ್ಸಲೇಟರ್ ಒತ್ರೆ ಕುಟ್ಟಿ ಕುಟ್ಟಿ ನಿಂತ್ಕಂತ್ತ್. ಎಂಜಿನ್ನಿನ ಹಳ್ದಿ ದೀಪ ಬೇರೆ. ತಿರ್ವಿನಲ್ಲಿ ಹಿಂದೆ ಬಸ್ಸ್ ಬೇರೆ ಬಂತ್. ನಿಟ್ಟೂರಿನರ್ ಅಪ್ಪನ ತಿಥಿ ಇಟ್ಕಂಡ್ ನಂಗೆ ಕಾದ್ರ್. ನಾನ್ ಮುಟ್ಲೇ ಇಲ್ಲ."

ಹನ್ನೆರಡು ಜೋಡಿ ಕಣ್ಣು ದಾಮೋದರನ ಮೇಲೆ. ಟ್ಯಾಕ್ಸಿಯ ಬಚ್ಚ, ಇದ್ದದ್ದಕ್ಕೆ ಇನ್ನೊಂದು ಸೇರಿಸಿ ಊರೆಲ್ಲ ಹಂಚುವವನು, ಗ್ಲಾಸು ಕೆಳಗಿಟ್ಟು ಕಾಯುತ್ತಿದ್ದ. ದಾಮೋದರನಿಗೆ ಆ ಗಳಿಗೆಯಲ್ಲಿ ಎಲ್ಲಿಯಾದರೂ ಹೋಗಿ ಮಲಗಿಬಿಡಬೇಕು ಅನಿಸಿತು. ಮಲಗಲಾಗದ್ದಕ್ಕೆ ಬಾಯಿ ಬಿಟ್ಟ.

"ಪ್ಲಗ್ ಡೂಪ್ಲಿಕೇಟ್ ಇರ್ಕ್."

"ಕುಸುಮಕ್ಕನ ಅಂಗ್ಡಿದಲ್ದಾ?" ಎಂದ ಬಚ್ಚ.

"ಹೌದ್. ಎಲ್ಲಿಂದ ತರ್ಸ್ತ್ಳೋ ಯಾರಿಗೊತ್ತ್."

ಆಡಿದ್ದು ಅಷ್ಟೇ. ಗ್ಯಾರೇಜಿಗೆ ಹೋಗಿ, ಎಂಜಿನ್ ತಣಿದ ಮೇಲೆ ಹೊಸದನ್ನು ಬಿಚ್ಚಿ ಹಳೆಯ ನಾಲ್ಕನ್ನೇ ಹಾಕಿ ಕೊಟ್ಟ. ಮರುದಿನ ಗಾಡಿ ಮೊದಲಿನ ಹಾಗೇ ನಡುಗುತ್ತ, ಆದರೆ ನಿಲ್ಲದೆ ಘಾಟಿ ಹತ್ತಿತು. ಹಳೆಯದರಲ್ಲಿ ಹತ್ತುತ್ತದೆ, ಹೊಸದರಲ್ಲಿ ಹತ್ತುವುದಿಲ್ಲ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ದಾಮೋದರನೇ ತನ್ನ ಮಾತನ್ನು ನಂಬಿದ. ನಾಲ್ಕು ಪ್ಲಗ್ಗನ್ನು ಅದೇ ಡಬ್ಬಿಗಳಲ್ಲಿ ತುಂಬಿ ಬಚ್ಚನ ಕೈಯಲ್ಲೇ ಕುಸುಮಳ ಅಂಗಡಿಗೆ ಕಳಿಸಿದ.

ಬಚ್ಚ ಪ್ಲಗ್ಗು ಕೊಟ್ಟು ಬಂದ, ದಾರಿಯುದ್ದಕ್ಕೂ ಸುದ್ದಿಯನ್ನೂ ಕೊಟ್ಟು ಬಂದ. ಹದಿನೈದು ದಿನದಲ್ಲಿ ಅದು ಒಂದು ಕಡೆ ಬೈಂದೂರಿನ ಟ್ಯಾಕ್ಸಿ ಸ್ಟ್ಯಾಂಡಿಗೆ ಮುಟ್ಟಿತು, ಇನ್ನೊಂದು ಕಡೆ ಕೋಟ ದಾಟಿ ಬ್ರಹ್ಮಾವರಕ್ಕೆ ಹೋಯಿತು. ಬೈಂದೂರು ಸ್ಟ್ಯಾಂಡಿನ ಪ್ರೇಮಾನಂದ ಎಂಬವನು ತಮ್ಮ ಇಪ್ಪತ್ತೆರಡು ಗಾಡಿಗೂ ಇನ್ನು ಬೇರೆ ಕಡೆಯಿಂದಲೇ ಸಾಮಾನು ಎಂದನಂತೆ. ಬ್ರಹ್ಮಾವರದ ಒಬ್ಬ, ಎರಡು ವರ್ಷದ ಹಿಂದೆ ಅವಳಲ್ಲಿ ತಗೊಂಡ ಆಯಿಲ್ ಫಿಲ್ಟರೂ ಡೂಪ್ಲಿಕೇಟೇ ಇರಬೇಕು ಎಂದು ಈಗ ಕಂಡುಹಿಡಿದನಂತೆ. ಸಂಕ್ರಾಂತಿಯೊಳಗೆ ಅಂಗಡಿ ಬಿಟ್ಟುಕೊಡುವ ಮಾತನ್ನು ಕುಸುಮ ಕಟ್ಟಡದವರ ಹತ್ತಿರ ಆಡಿದ್ದಾಳೆ ಎಂಬುದೂ ಬಂತು. ಇದನ್ನೆಲ್ಲ ಬಚ್ಚನೇ ಬಂದು ಹೇಳುತ್ತಿದ್ದ. ದಾಮೋದರ ಸ್ಪ್ಯಾನರು ಒರೆಸುತ್ತ ಕೇಳುತ್ತಿದ್ದ.

ಕುಸುಮಳಿಂದ ಒಂದು ಮಾತಿಲ್ಲ. ಮೂರನೆಯ ವಾರ, ಬಸ್ಸಿನ ಕಂಡಕ್ಟರ್ ಒಂದು ಪೊಟ್ಟಣ ಇಳಿಸಿ ಹೋದ. ಅದೇ ಹೆಸರಿನ, ಅದೇ ನಂಬರಿನ ನಾಲ್ಕು ಹೊಸ ಪ್ಲಗ್ಗು. ಚೀಟಿ ಇರಲಿಲ್ಲ.

ಅಂದು ಬೆಳಿಗ್ಗೆಯೇ ಹೊಳ್ಳರು ಬಂದಿದ್ದರು, ಮತ್ತೆ ನಿಟ್ಟೂರಿಗೆ ಹೊರಟವರು. ತಪ್ಪಿದ ತಿಥಿಗೆ ಪ್ರಾಯಶ್ಚಿತ್ತ ಇತ್ತು. ಗಾಡಿಯ ನಡುಕಕ್ಕೆ ಏನಾದರೂ ಮಾಡಿ ಎಂದು ಕೂತು ಅವಸರ ಮಾಡುತ್ತಿದ್ದರು. ದಾಮೋದರನಿಗೆ ಹಿಂದಿನ ದಿನದಿಂದ ಸಣ್ಣ ಜ್ವರ, ಪೆಟ್ಟಿಗೆ ತಡಕಿ ಬ್ಲೇಡು ಹುಡುಕುವಷ್ಟು ಉಸಿರಿರಲಿಲ್ಲ. ಈ ಸಲ ಹೇಗೆ ಬಂದಿದೆಯೋ ಹಾಗೇ ಇರಲಿ, ಕೆಟ್ಟರೆ ಅವಳ ಮಾಲು ಕೆಟ್ಟದ್ದೆಂದು ಇನ್ನೊಮ್ಮೆ ಗೊತ್ತಾಗುತ್ತದೆ ಎಂದುಕೊಂಡು ಡಬ್ಬಿಯಿಂದ ತೆಗೆದು ನೇರ ಕೂರಿಸಿದ. ಘಾಟಿಯಲ್ಲಿ ನಿಂತರೆ ಇರಲೆಂದು ಹಳೆಯ ಪ್ಲಗ್ಗುಗಳನ್ನು ಹಿಡಿದುಕೊಂಡು ತಾನೂ ಕಾರಿನಲ್ಲಿ ಕೂತ.

ವಂಡ್ಸೆ ಕಳೆಯಿತು, ಕೊಲ್ಲೂರು ಕಳೆಯಿತು. ಘಾಟಿ ಶುರುವಾಯಿತು. ಮೊದಲ ತಿರುವಿನಲ್ಲಿ ಹೊಳ್ಳರು ಹೆದರುತ್ತ ಕಾಲು ಒತ್ತಿದರು. ಕಾರು ಎಳೆದುಕೊಂಡು ಹೋಯಿತು. ಎರಡನೆಯ ತಿರುವಿನಲ್ಲಿ ಇನ್ನಷ್ಟು ಒತ್ತಿದರು. ಟರ್ಬೊ ಸಿಳ್ಳೆ ಹಾಕಿತು, ಎದುರಿನ ಲಾರಿ ಹಿಂದೆ ಬಿತ್ತು. ಎಲ್ಲೂ ಒಂದು ಕುಟ್ಟಿಲ್ಲ.

"ಕಾಣಿ ದಾಮೋದರಣ್ಣ. ಈ ಸಲ ಒರಿಜಿನಲ್ ಕಳ್ಸಿದ್ಳ್," ಎಂದು ಹೊಳ್ಳರು ನಕ್ಕರು.

ದಾಮೋದರ ನಗಲಿಲ್ಲ. ಡಬ್ಬಿ ಒಂದೇ, ನಂಬರು ಒಂದೇ, ಕೊಟ್ಟ ಅಂಗಡಿಯೂ ಒಂದೇ. ಬೇರೆ ಆದದ್ದು ಒಂದೇ ಒಂದು. ಈ ಸಲ ಅವನು ಬ್ಲೇಡು ಹಿಡಿದಿರಲಿಲ್ಲ. ಟರ್ಬೊ ಗಾಳಿಯನ್ನು ಒತ್ತಿ ಒತ್ತಿ ತುಂಬುವ ಗಾಡಿ. ಏರಿನಲ್ಲಿ ಕಾಲು ಒತ್ತಿದಾಗ ಒಳಗೆ ಬಿರುಗಾಳಿ. ಅಗಲ ಮಾಡಿದ ಸಂದಿಯಲ್ಲಿ ಕಿಡಿ, ಗಾಳಿಗೆ ಹಿಡಿದ ಬೆಂಕಿಕಡ್ಡಿಯಂತೆ ಆರಿಹೋಗಿತ್ತು. ಸಮತಟ್ಟಿನಲ್ಲಿ ಗಾಳಿ ಕಡಿಮೆ, ಅದಕ್ಕೇ ಮರವಂತೆಯ ರಸ್ತೆಯಲ್ಲಿ ಬೆಣ್ಣೆ. ಇಷ್ಟೂ ಅವನಿಗೆ ಮೂರನೆಯ ತಿರುವು ಮುಗಿಯುವುದರೊಳಗೆ ಅರ್ಥವಾಯಿತು. ಅರ್ಥವಾದ ಮೇಲೆ ನಾಚಿಕೆಯಾಯಿತು.

ಮರುದಿನ ಅಂಗಡಿಯಲ್ಲಿ ಕುಸುಮ ಒಬ್ಬಳೇ ಇದ್ದಳು. ಹಿಂದಿನ ಕಪಾಟುಗಳಲ್ಲಿ ಅರ್ಧ ಖಾಲಿ. ಅವಳು ಬರಬೇಡಿ ಎನ್ನಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ.

"ಕುಸುಮಕ್ಕ, ತಪ್ಪ್ ನಂದ್. ಗ್ಯಾಪ್ ನಾನೇ ಎತ್ತಿದ್ದೆ."

ಅವಳು ಕೌಂಟರಿನ ಡ್ರಾಯರು ಎಳೆದು ನಾಲ್ಕು ಡಬ್ಬಿ ಹೊರಗಿಟ್ಟಳು, ಪಕ್ಕದಲ್ಲಿ ಗ್ಯಾಪು ಅಳೆಯುವ ಗೇಜು.

"ಬಚ್ಚ ತಂದ್ ಕೊಟ್ ದಿನ್ವೇ ಅಳ್ದೆ. ಮುಕ್ಕಾಲ್ ಮಿಲಿಮೀಟ್ರಿಗಿಂತ ಕಮ್ಮಿ ಇರ್ಕಾದ್ದ್, ಒಂದ್ರ ಮೇಲಿತ್ತ್. ನಾಕೂ ಒಂದೇ ಸಮ. ಕೈ ಮಾತ್ರ ನಿಮ್ದ್ ಒಳ್ಳೇದೇ."

"ಗೊತ್ತಿತ್ತಾ? ಮತ್ತೆಂತಕ್ ಹೇಳ್ಲಿಲ್ಲ?"

"ಯಾರಿಗ್ ಹೇಳುದ್? ದಾಮೋದರಣ್ಣನ ಕೈ ತಪ್ಪಿತ್ತ್ ಅಂದ್ರೆ ಯಾರ್ ನಂಬ್ತ್ರ್? ತನ್ನ ಮಾಲ್ ಉಳ್ಸ್ಕಂಬುಕೆ ಹೇಳ್ತ್ಳ್ ಅಂಬ್ರ್. ಒಂದ್ ಸೆಟ್ ಮತ್ತೆ ಕಳ್ಸಿದೆ. ನಿಮ್ಗೇ ಗೊತ್ತಾಯ್ಲಿ ಅಂದೇಳಿ."

"ಈಗ ನಾನ್ ಎಂತ ಮಾಡ್ಕ್ ಹೇಳಿ."

"ನಂಗೆ ಹೇಳಿ ಎಂತ ಬಂತ್? ನಂಗೆ ಮೊದ್ಲೇ ಗೊತ್ತಿತ್ತ್." ಅವಳ ದನಿ ಏರಲಿಲ್ಲ, ಏರಿದ್ದರೆ ದಾಮೋದರನಿಗೆ ಹಗುರವಾಗುತ್ತಿತ್ತು. "ಎಲ್ಲಿ ಹೇಳಿದ್ರ್ಯೋ ಅಲ್ಲಿ ಹೇಳಿ."

ಅವನು ನಾಲ್ಕು ಡಬ್ಬಿಯನ್ನೂ ಗೇಜನ್ನೂ ಕೇಳಿ ತಗೊಂಡು ಹೆಮ್ಮಾಡಿಯ ಹೋಟೆಲಿಗೆ ಬಂದ. ಅದೇ ಹತ್ತೂವರೆ, ಅದೇ ಜನ. ಎಲ್ಲರೆದುರು ನಿಂತು, ಪ್ಲಗ್ಗು ಒಳ್ಳೆಯದೇ ಇತ್ತು, ಕೆಡಿಸಿದವನು ತಾನು, ಆ ಹೆಂಗಸಿನ ಮೇಲೆ ಸುಳ್ಳು ಹೊರಿಸಿದವನೂ ತಾನು ಎಂದ. ಸಾಕ್ಷಿಗೆ ಡಬ್ಬಿ, ಗೇಜು ಎರಡನ್ನೂ ಮೇಜಿನ ಮೇಲಿಟ್ಟ.

ಯಾರೂ ನಂಬಲಿಲ್ಲ.

"ಬಿಡಿ ದಾಮೋದರಣ್ಣ," ಎಂದ ಬಚ್ಚ. "ಆ ಹೆಂಗ್ಸಿನ ಅಂಗ್ಡಿ ಮುಚ್ತ್ ಅಂದೇಳಿ ನಿಮ್ಗ್ ಪಾಪ ಕಂಡಿತ್. ನಿಮ್ದ್ ದೊಡ್ಡ ಮನ್ಸ್."

ಹೋಟೆಲಿನ ಯಜಮಾನ ಚಹಾಕ್ಕೆ ದುಡ್ಡು ಬೇಡವೆಂದ. ದಾಮೋದರನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಒಂದು ಸುಳ್ಳು ಹೇಳಿ ಅವಳ ಹೆಸರು ಕೆಡಿಸಿದ್ದ, ಈಗ ನಿಜ ಹೇಳಿ ತನ್ನ ಹೆಸರು ಬೆಳೆಸಿಕೊಂಡಂತಾಯಿತು. ಮನೆಗೆ ಹೋಗಿ ಮಲಗಿದರೆ ಯಾರೂ ಕೇಳುವವರಿರಲಿಲ್ಲ. ಕಾಲೆಳೆದುಕೊಂಡು ಬಾಗಿಲ ತನಕ ಹೋದವನು ತಿರುಗಿ ನಿಂತ.

"ಬಚ್ಚ, ನಾಳೆ ಬೆಳಿಗ್ಗೆ ನಿಂಗೆ ಬಾಡ್ಗೆ ಇತ್ತಾ?"

"ಇಲ್ಲ. ಎಂತಕ್?"

"ನನ್ನೊಟ್ಟಿಗ್ ಬೈಂದೂರಿಗ್ ಬಾ. ಹೊಳ್ರ ಗಾಡಿ ನೀನೇ ಬಿಡ್ಕ್."

ಹೊಳ್ಳರಿಗೆ ಫೋನಿನಲ್ಲಿ ಎಲ್ಲ ಹೇಳಿದ. ಅವರು, ಸಂಜೆಯೇ ಗಾಡಿ ತಂದಿಟ್ಟು ಬೆಳಿಗ್ಗೆ ತಾನೂ ಬರುತ್ತೇನೆ ಎಂದರು. ಬೆಳಿಗ್ಗೆ ತಣ್ಣಗಿನ ಎಂಜಿನ್ನಿನಿಂದ ಒಳ್ಳೆಯ ಪ್ಲಗ್ಗು ಬಿಚ್ಚಿ, ತಾನು ಕೆಡಿಸಿದ ನಾಲ್ಕನ್ನು ಬಚ್ಚನ ಕಣ್ಣೆದುರೇ ಕೂರಿಸಿದ. ಬೈಂದೂರಿನ ಸ್ಟ್ಯಾಂಡಿನಲ್ಲಿ ಪ್ರೇಮಾನಂದನನ್ನೂ ಹತ್ತಿಸಿಕೊಂಡರು. ಅಲ್ಲಿಯವರೆಗೆ ಗಾಡಿ ಚೆನ್ನಾಗಿಯೇ ಬಂತು. ಬೈಂದೂರು ದಾಟಿ ಒತ್ತಿನೆಣೆಯ ಗುಡ್ಡದ ಏರು ಹಿಡಿದು ಬಚ್ಚ ಕಾಲು ಒತ್ತಿದ್ದೇ ತಡ, ಕಾರು ಕುಟ್ಟಿತು, ಮುಗ್ಗರಿಸಿತು, ಹಳದಿ ದೀಪ ಮಿಣುಕಿತು. ಹಿಂದಿನವರು ಹಾರ್ನು ಹೊಡೆದರು. ಹೇಗೋ ಗುಡ್ಡದ ಮೇಲೆ ತಂದು ರಸ್ತೆ ಬದಿಗೆ ನಿಲ್ಲಿಸಿದರು.

ಎಂಜಿನ್ ತಣಿಯದೆ ಪ್ಲಗ್ಗು ಬಿಚ್ಚುವಂತಿಲ್ಲ, ಬಿಸಿಯಲ್ಲಿ ಬಿಚ್ಚಿದರೆ ತಿರುಪಿನ ಹಲ್ಲು ಹರಿಯುತ್ತದೆ. ಬಾನೆಟ್ ಎತ್ತಿಟ್ಟು ನಾಲ್ವರೂ ಮುಳಿಹುಲ್ಲಿನ ಮೇಲೆ ಕೂತರು. ಬಿಸಿಲೇರಿತು. ಒಂದೂವರೆ ಗಂಟೆ ಹಾಗೇ ಕಾದರು. ಕೆಳಗೆ ಸಮುದ್ರ ತನ್ನ ಪಾಡಿಗಿತ್ತು. ದಾಮೋದರನಿಗೆ ಒಮ್ಮೆ ತೂಕಡಿಕೆಯೂ ಬಂತು.

ಆಮೇಲೆ ಅವನು ಪ್ಲಗ್ಗು ಬಿಚ್ಚಿ ಗೇಜನ್ನು ಬಚ್ಚನ ಕೈಗೆ ಕೊಟ್ಟ.

"ನೀ ಕಂಡ್ ಹೇಳ್. ನಂಗೆ ಹತ್ರದ್ದ್ ಕಾಂತಿಲ್ಲ. ಎರಡ್ ವರ್ಷ ಆಯ್ತ್."

ಬಚ್ಚ ಅವನ ಮುಖ ನೋಡಿದ. ಹೊಳ್ಳರು ನೆಲ ನೋಡಿದರು. ಬಚ್ಚ ಅಳೆದು ಹೇಳಿದಂತೆ ದಾಮೋದರ ಒಂದೊಂದೇ ಕೊಕ್ಕೆಯನ್ನು ತಗ್ಗಿಸಿದ. ಬೇಕಾದ ಅಳತೆಗೆ ನಾಲ್ಕೂ ಬಂದ ಮೇಲೆ ಅವೇ ಪ್ಲಗ್ಗುಗಳನ್ನು ತಿರುಗಿ ಕೂರಿಸಿದ. ಕೆಳಗಿಳಿದು, ಕಾರು ತಿರುಗಿಸಿ, ಮತ್ತೆ ಏರು. ಬಚ್ಚ ಕಾಲನ್ನು ನೆಲಕ್ಕೆ ಒತ್ತಿದ. ಕಾರು ಗುಡ್ಡವನ್ನು ಒಂದೇ ಉಸಿರಿಗೆ ಹತ್ತಿತು.

"ಹಾಂಗಾರೆ ಆ ಹೆಂಗ್ಸ್ ಒರಿಜಿನಲ್ಲೇ ಕೊಟ್ಟದ್ದ್," ಎಂದ ಪ್ರೇಮಾನಂದ. ಅವನನ್ನು ಸ್ಟ್ಯಾಂಡಿನಲ್ಲಿ ಇಳಿಸಿ ಹೆಮ್ಮಾಡಿಗೆ ಮುಟ್ಟುವ ಹೊತ್ತಿಗೆ ಬಚ್ಚ ಬಾಯಿ ತೆರೆದ.

"ದಾಮೋದರಣ್ಣ, ಬೇಜಾರ್ ಮಾಡ್ಕಣ್ಬೇಡಿ. ನನ್ನ್ ಗಾಡಿ ಕ್ಲಚ್ ಕೆಲ್ಸ ಇತ್ತಲೆ, ಅದ್ ಈ ಸಲ ಕುಂದಾಪ್ರದಲ್ಲೇ ಮಾಡ್ಸ್ತೆ."

"ಅಡ್ಡಿಲ್ಲ," ಎಂದ ದಾಮೋದರ. ಈ ಸಲ ಮುಖ ನೋಡಿಯೇ ಹೇಳಿದ.

ಬಚ್ಚ ಸುದ್ದಿ ಹಂಚುವುದರಲ್ಲಿ ಪಕ್ಷಪಾತ ಮಾಡುವವನಲ್ಲ. ಡೂಪ್ಲಿಕೇಟಿನ ಸುದ್ದಿ ಹೋದ ದಾರಿಯಲ್ಲೇ ಕಣ್ಣು ಕಾಣದ ಮೆಕ್ಯಾನಿಕ್ಕಿನ ಸುದ್ದಿಯೂ ಹೋಯಿತು, ಇನ್ನೂ ಬೇಗ ಹೋಯಿತು. ಮುಂದಿನ ವಾರ ದಾಮೋದರನ ಗ್ಯಾರೇಜಿಗೆ ಬಂದದ್ದು ಒಂದು ಪಂಕ್ಚರ್ ಆದ ಸ್ಕೂಟರು.

ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಗೇಜು ವಾಪಸು ಕೊಡಲು ಅವನು ಕುಂದಾಪುರಕ್ಕೆ ಹೋದ. ಕಪಾಟುಗಳು ತುಂಬಿದ್ದವು. ಕುಸುಮ ಸ್ಟೂಲು ಸರಿಸಿ ಕೂರಲು ಹೇಳಿ, ಚಹಾ ತರಿಸಿದಳು.

"ಅಂಗ್ಡಿ ಬಿಡುದಿಲ್ಲ ಅಂದೆ ಕಟ್ಟಡದರಿಗೆ. ಬೈಂದೂರಿನರ್ ತಿರ್ಗಿ ಬಂದ್ರ್," ಎಂದಳು. ಸ್ವಲ್ಪ ತಡೆದು ಕೇಳಿದಳು, "ನಿಮ್ಗ್ ಗಾಡಿ ಬತ್ತಾ?"

ಕೌಂಟರಿನ ಮೇಲೆ ಪ್ಲಗ್ಗಿನ ಡಬ್ಬಿಯೊಂದು ಬಿದ್ದಿತ್ತು. ದಾಮೋದರ ಕಿಸೆಯಿಂದ ಕನ್ನಡಕ ತೆಗೆದ, ಪಂಚೆಯ ಅಂಚಿನಲ್ಲಿ ಒರೆಸಿ, ಅವಳೆದುರೇ ಹಾಕಿಕೊಂಡ. ಡಬ್ಬಿಯನ್ನು ಬೆಳಕಿಗೆ ಹಿಡಿದು, ಬದಿಯಲ್ಲಿದ್ದ ಇಂಗ್ಲಿಷಿನ ಸಣ್ಣಕ್ಷರವನ್ನು ಒಂದೊಂದಾಗಿ ಕೂಡಿಸಿ ಓದಿದ. ಗ್ಯಾಪು ಮೊದಲೇ ಹೊಂದಿಸಲಾಗಿದೆ, ತಿದ್ದಬೇಡಿ ಎಂದಿತ್ತು.

"ಅಂದ್ ನಾನ್ ಹೇಳಿದ್ದೂ ಇದನ್ನೇ ಅಲ್ದಾ ದಾಮೋದರಣ್ಣ? ಇಷ್ಟೇ ಹತ್ರ ನಿಂತ್ಕಂಡ್," ಎಂದಳು ಕುಸುಮ. "ಕಣ್ಣಿಗ್ ಕನ್ನಡ್ಕ ಆಯ್ತ್. ಕೆಮಿಗ್ ಎಂತ ಹಾಕ್ತ್ರಿ?"

ದಾಮೋದರ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಸರಿಪಡಿಸಿಕೊಂಡ. ಇಬ್ಬರು ಟ್ಯಾಕ್ಸಿಯವರು ಬೆಲ್ಟು ಕೇಳುತ್ತ ಒಳಗೆ ಬಂದರು, ಕುಸುಮ ಎದ್ದಳು. ದಾಮೋದರ ಸ್ಟೂಲು ಬಿಟ್ಟುಕೊಟ್ಟು, ಕನ್ನಡಕ ತೆಗೆಯದೆ, ಹೆಮ್ಮಾಡಿಯ ಬಸ್ಸು ನಿಲ್ಲುವಲ್ಲಿಗೆ ನಡೆದ.